ಕುವೆಂಪುನಗರದ ಹಳೆಯ 20×30, ರಿಂಗ್ ರಸ್ತೆಯಾಚೆಯ ಹೊಸ 30×40: ಇಬ್ಬರು ಚಿಕ್ಕ ಮಕ್ಕಳು, ಮೊದಲ ಮನೆ, ಯಾವುದನ್ನು ಕೊಳ್ಳಲಿ?

ಬಾಡಿಗೆ ಮನೆಯ ಸೊಸೆ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಈಗಿರುವ ಮನೆಯ ಮಾಲೀಕರು ದಸರಾ ಮುಗಿದ ವಾರ ಬಂದು, ಮಗನಿಗೆ ಮದುವೆ ಗೊತ್ತಾಗಿದೆ, ಏಪ್ರಿಲ್ ಒಳಗೆ ಬಿಟ್ಟುಕೊಡಿ ಎಂದರು. ಅಂದು ರಾತ್ರಿಯೇ ಇನ್ನು ಸಾಕು, ಸ್ವಂತದ್ದು ನೋಡೋಣ ಎಂದುಕೊಂಡೆವು. ಹದಿನೇಳು ಮನೆ ನೋಡಿ ಎರಡಕ್ಕೆ ಬಂದು ನಿಂತಿದ್ದೇವೆ. ಊರು ಮೈಸೂರು.

ಮೊದಲನೆಯದು ಕುವೆಂಪುನಗರದಲ್ಲಿ. 20×30 ನಿವೇಶನ, 1986ರಲ್ಲಿ ಕಟ್ಟಿದ ಮನೆ. ಕೆಳಗೆ ಹಾಲ್, ಅಡುಗೆಮನೆ, ಒಂದು ಕೋಣೆ. ಮೇಲೆ ಇನ್ನೊಂದು ಕೋಣೆ ಮತ್ತು ತಾರಸಿ. ಕಾವಿ ನೆಲ, ದಕ್ಷಿಣದ ಬಾಗಿಲು. ಕಾರು ನಿಲ್ಲಿಸಲು ಜಾಗವಿಲ್ಲ, ನಮ್ಮ ಬಳಿ ಕಾರೂ ಇಲ್ಲ. ಹಾಲ್‌ನ ಒಂದು ಗೋಡೆಯಲ್ಲಿ ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿದೆ. ಕೇಳುತ್ತಿರುವುದು 72 ಲಕ್ಷ.

ಎರಡನೆಯದು ಬೋಗಾದಿ ರಸ್ತೆಯಲ್ಲಿ, ರಿಂಗ್ ರಸ್ತೆ ದಾಟಿ ಸುಮಾರು ಐದು ಕಿಲೋಮೀಟರ್ ಒಳಗೆ, ಖಾಸಗಿ ಬಡಾವಣೆ. 30×40, ಪೂರ್ವದ ಬಾಗಿಲು, ಹೊಚ್ಚ ಹೊಸ ಡ್ಯೂಪ್ಲೆಕ್ಸ್. ಕೆಳಗೊಂದು ಕೋಣೆ, ಮೇಲೆ ಎರಡು, ಎಲ್ಲ ಕೋಣೆಗೂ ಬಚ್ಚಲು. ನಮ್ಮ ಮಗಳು ಮೆಟ್ಟಿಲ ಮೇಲೆ ನಿಂತು "ಇದು ನನ್ನ ರೂಮು" ಎಂದು ಘೋಷಿಸಿ ಆಗಿದೆ. ಕೇಳುತ್ತಿರುವುದು 86 ಲಕ್ಷ.

ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಮೊಣಕಾಲು ನೋವಿರುವ ಅತ್ತೆ ನಮ್ಮೊಂದಿಗೇ ಇದ್ದಾರೆ. ಹಗಲಲ್ಲಿ ಮಗುವನ್ನು ನೋಡಿಕೊಳ್ಳುವವರು ಅವರೇ. ನಮ್ಮವರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಾನು ಕೆ.ಆರ್. ವೃತ್ತದ ಹತ್ತಿರ ಕಚೇರಿಯಲ್ಲಿದ್ದೇನೆ. ನಮ್ಮವರಿಗೆ ಹೊಸದು ಇಷ್ಟ. ನನಗೆ ಯಾವುದು ಇಷ್ಟ ಎಂದು ನನಗೇ ಗೊತ್ತಾಗುತ್ತಿಲ್ಲ, ಒಂದೊಂದು ದಿನ ಒಂದೊಂದು. ಮಕ್ಕಳನ್ನು ಕಟ್ಟಿಕೊಂಡು ಮೊದಲ ಮನೆ ಕೊಂಡವರು ದಯವಿಟ್ಟು ಹೇಳಿ, ನೀವು ಏನನ್ನು ನೋಡಿದಿರಿ, ಏನನ್ನು ನೋಡದೆ ಕೆಟ್ಟಿರಿ?

ಬೋಗಾದಿಯಾಚೆ

ನಾನು ನಾಲ್ಕು ವರ್ಷದಿಂದ ಅದೇ ದಿಕ್ಕಿನಲ್ಲಿದ್ದೇನೆ, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಬಿಡುತ್ತೇನೆ. ನನ್ನ ಮಕ್ಕಳು ಸಂಜೆ ಐದರಿಂದ ಏಳರವರೆಗೆ ರಸ್ತೆಯಲ್ಲೇ ಸೈಕಲ್ ಹೊಡೆಯುತ್ತಾರೆ. ರಾತ್ರಿ ಕಿಟಕಿ ತೆರೆದರೆ ಫ್ಯಾನ್ ಬೇಡ. 20×30ರಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಿಕೊಂಡು ಬದುಕಬೇಕು. ಮಕ್ಕಳು ದೊಡ್ಡವರಾದ ಮೇಲೆ ಇಬ್ಬರಿಗೂ ಕೋಣೆ ಬೇಕು, ಆಗ ಹಳೆಯ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವುದು ಸುಲಭವಲ್ಲ. ನಿಮ್ಮ ಯಜಮಾನರು ರಿಂಗ್ ರಸ್ತೆಯಲ್ಲಿ ಇಪ್ಪತ್ತೈದು ನಿಮಿಷಕ್ಕೆ ಕೆಲಸಕ್ಕೆ ಹೋಗಬಹುದು.

ಬೇಸಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ. ಅದನ್ನು ಮುಚ್ಚಿಡುವುದಿಲ್ಲ.

ಅವಳಿ ಅಮ್ಮ

ಯಜಮಾನರ ಇಪ್ಪತ್ತೈದು ನಿಮಿಷ ಸರಿ. ಅವರ ಇಪ್ಪತ್ತೈದು ನಿಮಿಷ ಎಲ್ಲರಿಗೂ ಬೇಗ ಲೆಕ್ಕಕ್ಕೆ ಸಿಗುತ್ತದೆ. ಇವರು ಕೆ.ಆರ್. ವೃತ್ತಕ್ಕೆ ಹೇಗೆ ಹೋಗಬೇಕು?

ಅಕ್ಕ, ನಿಮ್ಮ ಮನೆಯಲ್ಲಿ ಎಷ್ಟು ಗಾಡಿ ಇವೆ? ಮಗುವಿಗೆ ಮಧ್ಯಾಹ್ನ ಹನ್ನೆರಡಕ್ಕೆ ಜ್ವರ ಬಂದರೆ ಅತ್ತೆ ಯಾರನ್ನು ಕರೆಯಬೇಕು? ನನ್ನ ಅವಳಿಗಳಿಗೆ ಎರಡು ವರ್ಷವಾಗಿದ್ದಾಗ ನಾವು ಊರ ಹೊರಗೆ ಹೋದೆವು. ಗಾಳಿ, ಬೆಳಕು, ಹಕ್ಕಿ ಎಲ್ಲ ಇತ್ತು. ಒಂದು ದಿನ ಹಾಲು ಒಡೆಯಿತು. ಇಬ್ಬರನ್ನೂ ಎತ್ತಿಕೊಂಡು ಒಂದೂವರೆ ಕಿಲೋಮೀಟರ್ ನಡೆದು ಅರ್ಧ ಲೀಟರ್ ತಂದೆ. ಮನೆಗೆ ಬಂದಾಗ ಅದೂ ಒಡೆದಿತ್ತು. ಅಂದು ಗೋಡೆಗೊರಗಿ ಅತ್ತಿದ್ದು ಹಾಲಿಗಲ್ಲ.

ನಿವೃತ್ತ ಇಂಜಿನಿಯರ್

ಮೂವತ್ತು ವರ್ಷ ಕಟ್ಟಡ ಕಟ್ಟಿಸಿದವನು. ಭಾವನೆಯ ಮಾತು ಆಮೇಲೆ, ಮೊದಲು ಗೋಡೆ ನೋಡೋಣ.

ಹಳೆಯ ಮನೆಯಲ್ಲಿ ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿದೆ ಎಂದರೆ ಸಾಮಾನ್ಯವಾಗಿ ತೇವ ನೆಲದಿಂದ ಮೇಲೇರಿರುತ್ತದೆ. ಆದರೆ ಗೋಡೆಯ ಆಚೆ ಬದಿಯಲ್ಲಿ ಬಚ್ಚಲೋ ಸಂಪೋ ಇದೆಯೇ ಎಂದು ನೋಡಿ, ಪೈಪ್ ಸೋರಿದರೂ ಹೀಗೆಯೇ ಕಾಣುತ್ತದೆ. ಇದಕ್ಕಿಂತ ಮುಖ್ಯವಾದದ್ದು ಚಾವಣಿ. ಒಂದು ಕೋಲು ತೆಗೆದುಕೊಂಡು ಒಳಗಿನಿಂದ ಚಾವಣಿಯನ್ನು ಅಡಿಗೊಂದು ಕಡೆ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ. ಡೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟಿದೆ. ಅದರ ಮೇಲೆ ಕಂದು ಗೆರೆಯೂ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿಯುತ್ತಿದೆ ಎಂದೇ ತಿಳಿಯಿರಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬಣ್ಣ ಹಚ್ಚುವುದರಿಂದ ಅದು ನಿಲ್ಲುವುದಿಲ್ಲ.

ಈಗ ಮಳೆಯಿಲ್ಲ ಎಂದು ಬಿಡಬೇಡಿ. ತಾರಸಿಯ ಕೊಳವೆಗಳಿಗೆ ಬಟ್ಟೆ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿ, ಎರಡು ದಿನ ಕಾಯಿರಿ. ಮಾರುವವರು ಒಪ್ಪದಿದ್ದರೆ ಅದೇ ಉತ್ತರ.

1986ರ ಮನೆಯಾದರೆ ವಿದ್ಯುತ್ ತಂತಿ ಹೊಸದಾಗಿ ಎಳೆಸಲೇಬೇಕು. ಆ ಕಾಲದ ಎಷ್ಟೋ ಮನೆಗಳಲ್ಲಿ ಪ್ಲಗ್‌ಗೆ ಮೂರು ತೂತು ಇರುತ್ತದೆ, ಅರ್ಥ್ ತಂತಿ ಇರುವುದಿಲ್ಲ. ಸಣ್ಣ ಮಕ್ಕಳಿರುವ ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚು) ಕಡ್ಡಾಯ ಎಂದೇ ನಾನು ಹೇಳುವುದು. ಫ್ಯೂಸಿನ ಬದಲು ಹಾಕುವ ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆ ತುಕ್ಕು ಕಟ್ಟಿ ಪೆನ್ಸಿಲ್‌ನಷ್ಟು ತೂತು ಉಳಿದಿರುತ್ತದೆ; ಅದನ್ನೂ ಬದಲಿಸಿ.

ಹೊಸ ಮನೆಯನ್ನು ಹೊಸದು ಎಂದು ನಂಬಬೇಡಿ. ಮಾರಲೆಂದೇ ಕಟ್ಟಿದ ಮನೆಯಲ್ಲಿ ಕಣ್ಣಿಗೆ ಕಾಣುವುದಕ್ಕೆ ಹೆಚ್ಚು ಖರ್ಚು ಮಾಡಿರುತ್ತಾರೆ, ಕಾಣದ್ದಕ್ಕೆ ಕಡಿಮೆ. ಮಂಜೂರಾದ ನಕ್ಷೆ ಕೇಳಿ. ಟೇಪ್ ಹಿಡಿದು ಮನೆಯ ನಾಲ್ಕೂ ಬದಿ ಬಿಟ್ಟಿರುವ ಜಾಗವನ್ನು ಅಳೆಯಿರಿ. ಅಳತೆ ಬಂದ ಮೇಲೆ ಮಾತಾಡೋಣ.

ಈಶಾನ್ಯ ಮೂಲೆ

ದಕ್ಷಿಣದ ಬಾಗಿಲ ಮನೆ ಮಕ್ಕಳಿರುವವರಿಗೆ ಬೇಡ. ಹಿರಿಯರು ಸುಮ್ಮನೆ ಹೇಳಿಲ್ಲ.

ನಿವೃತ್ತ ಇಂಜಿನಿಯರ್

ರಸ್ತೆಯ ಒಂದು ಬದಿಗೆ ಉತ್ತರದ ಬಾಗಿಲಾದರೆ ಎದುರು ಸಾಲಿಗೆಲ್ಲ ದಕ್ಷಿಣದ್ದೇ ಆಗಬೇಕಲ್ಲ ಸ್ವಾಮಿ. ಆ ಸಾಲಿನಲ್ಲೂ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗುತ್ತಿದ್ದಾರೆ. ನಂಬಿಕೆ ಇದ್ದರೆ ಅವರು ನೋಡಿಕೊಳ್ಳಲಿ. ಇಲ್ಲದಿದ್ದರೆ ಇದೇ ಕಾರಣಕ್ಕೆ ಬೆಲೆ ಇಳಿಸಿ ಎಂದು ಕೇಳಲಿ, ಬೇರೆಯವರು ಹಿಂಜರಿಯುವ ಮನೆಯಲ್ಲಿ ಚೌಕಾಸಿಗೆ ಬಲ ಹೆಚ್ಚು.

ಲೆಕ್ಕದ ಪುಸ್ತಕ

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದೇನೆ. 72 ಮತ್ತು 86, ವ್ಯತ್ಯಾಸ 14 ಲಕ್ಷ, ಅದು ಕಂತಿನಲ್ಲಿ ಸರಿಹೋಗುತ್ತದೆ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಕಂತಿನಲ್ಲಿ ಅಲ್ಲ, ಕೈಯಿಂದ ಹಾಕಬೇಕಾದ ದುಡ್ಡಿನಲ್ಲಿ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಗೃಹಸಾಲ 30 ಲಕ್ಷದಿಂದ 75 ಲಕ್ಷದವರೆಗಿದ್ದರೆ ಆಸ್ತಿ ಮೌಲ್ಯದ ಶೇ. 80ರಷ್ಟು, 75 ಲಕ್ಷ ಮೀರಿದರೆ ಶೇ. 75ರಷ್ಟು ಮಾತ್ರ ಕೊಡಬಹುದು. ನಿಮ್ಮ ಎರಡೂ ಸಾಲ 75ರ ಒಳಗೇ ಬರುವುದರಿಂದ ಕಾಗದದ ಮೇಲೆ 80 ಸಿಗಬೇಕು. ಆದರೆ ಬ್ಯಾಂಕು ನೋಡುವುದು ಮಾರುವವರು ಕೇಳುವ ಬೆಲೆಯನ್ನಲ್ಲ, ಮೌಲ್ಯಮಾಪಕರು ಹಾಕಿದ ಬೆಲೆಯನ್ನು. ರಿಂಗ್ ರಸ್ತೆಯಾಚೆಯ ಹೊಸ ಮನೆಗಳಲ್ಲಿ ಇವೆರಡರ ನಡುವೆ ಅಂತರ ಇರುತ್ತದೆ. ಹೊಸ ಮನೆಗೆ ಕೇಳಿದ ಬೆಲೆಯ ಶೇ. 75ರಷ್ಟೇ ಸಾಲ ಸಿಕ್ಕಿತು ಎಂದು ಲೆಕ್ಕ ಹಾಕಿಕೊಳ್ಳಿ, ಜಾಣತನ ಅದೇ.

ಮುದ್ರಾಂಕ ಮತ್ತು ನೋಂದಣಿಗೆ ಸಾಲ ಸಿಗುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಶೇ. 5 ಮುದ್ರಾಂಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ನೂರಕ್ಕೆ ಏಳೂವರೆ ದಾಟುತ್ತದೆ. ಅಂದರೆ 72ಕ್ಕೆ ಸುಮಾರು ಐದೂವರೆ ಲಕ್ಷ, 86ಕ್ಕೆ ಆರೂವರೆ.

ಕೂಡಿಸಿ ನೋಡಿ. ಹಳೆಯ ಮನೆಗೆ 57.6 ಲಕ್ಷ ಸಾಲ ಸಿಕ್ಕರೆ ನೀವು ಹಾಕಬೇಕಾದದ್ದು 14.4 ಮತ್ತು 5.5, ಹತ್ತಿರ ಹತ್ತಿರ 20 ಲಕ್ಷ. ಹೊಸದಕ್ಕೆ 64.5 ಸಾಲವಾದರೆ 21.5 ಮತ್ತು 6.5, ಅಂದರೆ 28 ಲಕ್ಷ. ಈ ಎಂಟು ಲಕ್ಷದಲ್ಲಿ ಹಳೆಯ ಮನೆಯ ತಂತಿ, ಪೈಪು, ತಾರಸಿ ಎಲ್ಲ ಆಗಿ ಸ್ವಲ್ಪ ಉಳಿಯಲೂಬಹುದು. ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ಕಂತು 50 ಸಾವಿರ ಮತ್ತು 56 ಸಾವಿರ. ನಿಮ್ಮ ಕೈಯಲ್ಲಿ ಎಷ್ಟಿದೆ ಎಂದು ಇಲ್ಲಿ ಹೇಳಬೇಡಿ, ನಿಮ್ಮಷ್ಟಕ್ಕೆ ನೋಡಿಕೊಳ್ಳಿ. ಆರು ತಿಂಗಳ ಕಂತಿನಷ್ಟು ಹಣ ಪಕ್ಕಕ್ಕಿಟ್ಟ ಮೇಲೆ ಎಷ್ಟು ಉಳಿಯುತ್ತದೋ ಅಷ್ಟೇ ನಿಮ್ಮದು.

ಬಾಡಿಗೆಯೇ ಲೇಸು

ಈಗ ಬಾಡಿಗೆ ಎಷ್ಟು ಕೊಡುತ್ತಿದ್ದೀರಿ? ಹದಿನಾರು ಹದಿನೇಳು ಸಾವಿರ ಇರಬೇಕು. 50 ಸಾವಿರ ಕಂತು ಎಂದರೆ ತಿಂಗಳಿಗೆ 33 ಸಾವಿರ ಹೆಚ್ಚು. ಅದನ್ನು ಬೇರೆ ಕಡೆ ತೊಡಗಿಸಿ, ಇಪ್ಪತ್ತು ವರ್ಷ ಹಾಯಾಗಿರಿ. ಮನೆ ಕಟ್ಟಿ ನೋಡು ಎಂದರು, ಕೊಂಡು ನೋಡು ಎನ್ನಲಿಲ್ಲ.

ಬಾಡಿಗೆ ಮನೆಯ ಸೊಸೆ

ಲೆಕ್ಕದಲ್ಲಿ ನೀವೇ ಸರಿ ಸರ್. ಹದಿನೇಳು ಸಾವಿರವೇ. ಆದರೆ ಈಗಿನ ಮಾಲೀಕರು ಮಗಳು ಗೋಡೆಯ ಮೇಲೆ ಬರೆದ ಒಂದು ನವಿಲಿಗೆ ಠೇವಣಿಯಲ್ಲಿ ನಾಲ್ಕು ಸಾವಿರ ಹಿಡಿಯುತ್ತೇನೆ ಎಂದಿದ್ದಾರೆ. ಮೂರನೆಯ ಸಲ ಗಂಟು ಬಿಚ್ಚುವಾಗ ಅತ್ತೆ ದೇವರ ಪಟಗಳನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ, "ಮತ್ತೆ ಕಟ್ಟಬೇಕಲ್ಲ" ಎಂದರು. ಉಳಿದ 33 ಸಾವಿರವನ್ನು ನಾವು ತಪ್ಪದೆ ತೊಡಗಿಸುತ್ತೇವೆ ಎಂಬ ನಂಬಿಕೆಯೂ ನನಗಿಲ್ಲ.

ಇಂಜಿನಿಯರ್ ಸರ್, ಭಾನುವಾರ ಅಳೆದೆವು. ಹೊಸ ಮನೆಯ ನಕ್ಷೆಯಲ್ಲಿ ಎರಡೂ ಪಕ್ಕ ಒಂದೊಂದು ಮೀಟರ್ ಎಂದಿದೆ. ನಮ್ಮವರು ಟೇಪ್ ಹಿಡಿದು ಎಡಬದಿಯ ಸಂದಿಗೆ ಹೋದರು, ನಡುವಿನಲ್ಲಿ ಭುಜ ಅಡ್ಡ ಮಾಡಿಕೊಳ್ಳಬೇಕಾಯಿತು. ಒಂದೂಮುಕ್ಕಾಲು ಅಡಿ. ಬಿಲ್ಡರ್‌ನ ಹುಡುಗ "ಎಲ್ಲರೂ ಹೀಗೇ ಮಾಡುವುದು ಮೇಡಂ" ಎಂದ. ಕಾಗದಪತ್ರಗಳಲ್ಲಿ ಇ-ಸ್ವತ್ತಿನ (ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯ) ನಮೂನೆ 9 ಮತ್ತು 11 ಇವೆ, ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆ ಎನ್ನುತ್ತಾರೆ.

ಹಳೆಯ ಮನೆಯಲ್ಲಿ ಕೋಲಿನಿಂದ ತಟ್ಟಿದೆವು. ಅಡುಗೆಮನೆಯ ಒಂದು ಮೂಲೆಯಲ್ಲಿ ಮಾತ್ರ ಡೊಳ್ಳು ಸದ್ದು ಬಂತು. ತೇವದ ಗೋಡೆಯ ಆಚೆ ಬದಿಯಲ್ಲಿ ಬಚ್ಚಲಿದೆ. ತೊಂದರೆ ಇನ್ನೊಂದಿದೆ: ಮನೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದೆ. ಮಾರುತ್ತಿರುವುದು ಇಬ್ಬರು ಗಂಡುಮಕ್ಕಳು. ಒಬ್ಬ ಅಕ್ಕ ಶಿವಮೊಗ್ಗದಲ್ಲಿದ್ದಾರಂತೆ, "ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂದರು.

ಪಹಣಿ ಪುಟ

ವಕೀಲಿ ವೃತ್ತಿ. ಎರಡೂ ಮನೆಗೆ ಒಂದೊಂದು ಮಾತು.

ಹಳೆಯ ಮನೆ. "ಮದುವೆಯಲ್ಲೇ ಕೊಟ್ಟಾಗಿದೆ" ಎಂಬುದು ಮನೆಯೊಳಗಿನ ಮಾತು, ನ್ಯಾಯಾಲಯದ್ದಲ್ಲ. ನಿವೇಶನ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದಕ್ಕೆ 2005ರ ತಿದ್ದುಪಡಿಯೂ ಬೇಕಿಲ್ಲ, ಅದು ಪಿತ್ರಾರ್ಜಿತದ ವಿಷಯ. ತಾಯಿ ಬದುಕಿದ್ದಾರೆಯೇ ಕೇಳಿ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಅಕ್ಕನ ಸಹಿ ಇಲ್ಲದೆ ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಖಾತೆ ವಾರಸುದಾರರ ಹೆಸರಿಗೆ ಬರಲಿ.

ಕುವೆಂಪುನಗರದ ಹಳೆಯ ನಿವೇಶನಗಳು ಹಂಚಿಕೆಯಾದದ್ದು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹುಟ್ಟುವ ಮೊದಲು, 1903ರಲ್ಲಿ ಶುರುವಾದ ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಕಾಲದಲ್ಲಿ. ಹಂಚಿಕೆ ಪತ್ರ ಒಂದೇ ಸಾಲದು. ಷರತ್ತಿನ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ, ಅಂದರೆ ಷರತ್ತಿಲ್ಲದ ಪೂರ್ಣ ಮಾಲೀಕತ್ವದ ಪತ್ರ, ಆಗಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಅದು ಮಾಡಿಸದೆ ಉಳಿದುಹೋಗಿದೆ. ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು ಹದಿನೈದು ವರ್ಷಕ್ಕೆ ನಿಲ್ಲಿಸದೆ ಮೂವತ್ತು ವರ್ಷಕ್ಕೆ ತೆಗೆಸಿ.

ಹೊಸ ಮನೆ. ನಮೂನೆ 11 ಎಂದರೆ ಯಾವುದು? 9ರ ಜೊತೆ 11ಎ ಇದ್ದರೆ ಸರಿ. 11ಬಿ ಆದರೆ ಅದು ಸಕ್ರಮವಲ್ಲದ ಆಸ್ತಿಯ ದಾಖಲೆ, ಅಲ್ಲಿಗೆ ಮಾತು ಮುಗಿಯಿತು. ಜಾಗ ಬಿಡದೆ ಕಟ್ಟಿದ್ದು ಇಂದು ನಿಮ್ಮನ್ನು ಕಾಡದಿರಬಹುದು. ಆದರೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ನಕ್ಷೆ ಉಲ್ಲಂಘಿಸಿದ ಕಟ್ಟಡಗಳಿಗೆ ವಿದ್ಯುತ್ತು, ನೀರು, ಬ್ಯಾಂಕ್ ಸಾಲ ಕೊಡುವುದರ ಬಗ್ಗೆ ಬಿಗಿಯಾದ ನಿರ್ದೇಶನಗಳನ್ನು ಕೊಟ್ಟಿದೆ. ಕಾಯಂ ಮೀಟರ್ ಬಂದಿದೆಯೇ, ಕಟ್ಟಡ ಕೆಲಸದ ತಾತ್ಕಾಲಿಕ ಸಂಪರ್ಕದಲ್ಲೇ ನಡೆಯುತ್ತಿದೆಯೇ? ಬಿಲ್ ತೋರಿಸಿ ಎನ್ನಿ.

ಕೊನೆಗೊಂದು ಸಣ್ಣ ಕಿರಿಕಿರಿ: 50 ಲಕ್ಷ ಮತ್ತು ಮೇಲ್ಪಟ್ಟ ಕ್ರಯದಲ್ಲಿ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಗಂಡ ಹೆಂಡತಿ ಇಬ್ಬರ ಹೆಸರಿಗೆ ಕೊಂಡು ಮಾರುವವರು ಮೂವರಿದ್ದರೆ ಆರು ನಮೂನೆ ತುಂಬಬೇಕು. ಬಿಟ್ಟರೆ ದಂಡ ನಿಮಗೆ.

ಮಂಡಿನೋವು 68

ಇಲ್ಲಿ ಎಲ್ಲರೂ ಮಾತಾಡಿದಿರಿ, ಆ ಅತ್ತೆಯನ್ನು ಯಾರೂ ಕೇಳಲಿಲ್ಲ. ನಾನು ಅಂಥ ಅತ್ತೆ. ಮಗನ ಡ್ಯೂಪ್ಲೆಕ್ಸ್‌ನಲ್ಲಿದ್ದೇನೆ. ನನ್ನ ಕೋಣೆ ಕೆಳಗೆ, ಮೊಮ್ಮಗಳ ಆಟದ ಸಾಮಾನು ಮೇಲೆ. ಮಗು ಮೇಲೆ ಓಡಿದರೆ ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಬೇಕು. ಒಮ್ಮೆ ಒಳಗಿನಿಂದ ಬಚ್ಚಲ ಚಿಲಕ ಹಾಕಿಕೊಂಡುಬಿಟ್ಟಳು. ನಾನು ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗೆ ಅಳು ನಿಂತಿತ್ತು. ನಿಂತಿದ್ದಕ್ಕೆ ನನಗೆ ಇನ್ನೂ ಭಯವಾಯಿತು. ಅವಳು ಬಕೆಟ್‌ನಲ್ಲಿ ಸೋಪು ಕರಗಿಸುತ್ತ ಕೂತಿದ್ದಳು.

ತಂಗಿ, ನಿನ್ನ ಅತ್ತೆಯನ್ನು ಎರಡೂ ಮನೆಗೆ ಕರೆದುಕೊಂಡು ಹೋಗು. ಕೆಲಸದ ದಿನ ಹೋಗು, ಭಾನುವಾರ ಬೇಡ. ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ. ಅವರು ಏನು ಹೇಳುತ್ತಾರೋ ಬಿಡು, ಎಲ್ಲಿ ಕೂರುತ್ತಾರೆ ಎಂದು ನೋಡು.

ಅವಳಿ ಅಮ್ಮ

ಅಮ್ಮಾ, ಇಷ್ಟು ಹೊತ್ತು ಎಲ್ಲಿದ್ದಿರಿ!

ಜೊತೆಗೆ ನನ್ನದಿಷ್ಟು. ಮೇಲಿನ ಬಾಲ್ಕನಿಯ ಕಂಬಿ ಅಡ್ಡಡ್ಡ ಇದ್ದರೆ ಅದು ಮಗುವಿಗೆ ಏಣಿ. ಲಂಬವಾಗಿದ್ದರೂ ಸಂದು ನಾಲ್ಕು ಅಂಗುಲ ಮೀರಬಾರದು. ಹಳೆಯ ಮನೆಯ ತಾರಸಿಯ ಗೋಡೆ ಎಷ್ಟು ಎತ್ತರ? ಸಂಪ್ ಎಲ್ಲಿದೆ, ಮುಚ್ಚಳ ಎಂಥದ್ದು?

ಬೋಗಾದಿಯಾಚೆ

ಎಲ್ಲರೂ ಸೇರಿ ಹೊಸ ಮನೆಯನ್ನು ಹೂತೇಬಿಟ್ಟಿರಿ. ಕುವೆಂಪುನಗರದ ರಸ್ತೆಯಲ್ಲಿ ಮಗು ಸೈಕಲ್ ಹೊಡೆಯಲು ಸಾಧ್ಯವೇ? ಎರಡೂ ಬದಿ ಕಾರು, ನಡುವೆ ಡೆಲಿವರಿ ಹುಡುಗರ ಬೈಕು. ಹಳೆಯ ಬಡಾವಣೆಗಳಿಗೆ ಹೊಗಳಿಕೆ ಹಾಡುವವರಲ್ಲಿ ಹೆಚ್ಚಿನವರು ಅಲ್ಲಿ ಆಗಲೇ ಮನೆ ಇದ್ದವರು. ಜಾಗ ಬಿಡದೆ ಕಟ್ಟಿದ್ದು ತಪ್ಪು, ಒಪ್ಪುತ್ತೇನೆ, ಆ ಬಿಲ್ಡರ್‌ನ ಮನೆ ಬೇಡ. ಆದರೆ ಅದೇ ಬಡಾವಣೆಯಲ್ಲಿ ಬೇರೆ ಮನೆ ನೋಡಬಹುದಲ್ಲ?

ಬಾಡಿಗೆ ಮನೆಯ ಸೊಸೆ

ಮಂಡಿನೋವು ಅಮ್ಮ ಹೇಳಿದಂತೆ ಮಾಡಿದೆವು. ಬುಧವಾರ ರಜೆ ಹಾಕಿದೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರವಿಲ್ಲದವರು ಓದಿ.

ಬೆಳಗ್ಗೆ ಎಂಟಕ್ಕೆ ಹೊಸ ಮನೆ. ನಿಜ ಹೇಳಬೇಕೆಂದರೆ ಸುಂದರವಾಗಿತ್ತು. ಹಾಲ್‌ನ ಉದ್ದಕ್ಕೂ ಬಿಸಿಲು ಬಿದ್ದಿತ್ತು, ಮಗಳು ಕಾಲುಚೀಲದಲ್ಲಿ ಜಾರುತ್ತ ಆಚೆ ತುದಿಗೆ ಹೋದಳು, ಚಿಕ್ಕವನು ಹಿಂದೆಯೇ ಓಡಲು ಹೋಗಿ ಬಿದ್ದ. ಅತ್ತೆ ಒಳಗೆ ಬಂದವರು ಒಮ್ಮೆ ಮೆಟ್ಟಿಲ ಕಡೆ ನೋಡಿದರು, ಹತ್ತಲಿಲ್ಲ. ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತರು. ಕೂರಲು ಏನೂ ಇರಲಿಲ್ಲ ಅನ್ನಿ. "ಚೆನ್ನಾಗಿದೆಯಪ್ಪ" ಎಂದು ಮಗನಿಗೆ ಹೇಳಿದರು. ಹೊರಗೆ ಬಂದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಚೀಚೆ ಎಂಟು ನಿವೇಶನ ಖಾಲಿ, ಪಾರ್ಥೇನಿಯಂ ಎದೆಯುದ್ದ ಬೆಳೆದಿದೆ. "ಇಲ್ಲಿ ಯಾರನ್ನು ಕೂಗುವುದು?" ಎಂದರು, ಅಷ್ಟೇ. ಸಂಜೆ ಏಳಕ್ಕೆ ಮತ್ತೆ ಹೋದಾಗ ಬೀದಿದೀಪದ ಕಂಬಗಳಿದ್ದವು, ದೀಪ ಎರಡರಲ್ಲಿ ಮಾತ್ರ. ನಾಯಿಗಳು ಐದು. ಹತ್ತಿರದ ಅಂಗಡಿಗೆ ಸ್ಕೂಟರಿನ ಮೀಟರ್ ಪ್ರಕಾರ 1.3 ಕಿಲೋಮೀಟರ್. ಬಸ್ಸು ಗಂಟೆಗೊಂದು ಎಂದರು, ನಾವು ನಿಂತ ನಲವತ್ತು ನಿಮಿಷದಲ್ಲಿ ಬರಲಿಲ್ಲ.

ನಡುವೆ, ಬೆಳಗ್ಗೆ ಹತ್ತರ ಹೊತ್ತಿಗೆ ಹಳೆಯ ಮನೆ. ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಅದನ್ನು ಕೊಡಲು ಬಂದ ಆ ಮನೆಯ ಹೆಂಗಸು ಅತ್ತೆಯನ್ನು ನೋಡಿ "ನೀವು ಯಾವ ಕಡೆಯವರು?" ಎಂದರು. ಹತ್ತು ನಿಮಿಷದಲ್ಲಿ ಹುಣಸೂರಿನ ಯಾವುದೋ ಮದುವೆಯ ಸಂಬಂಧ ಸಿಕ್ಕಿತು. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತರು. ನಾವು ಒಳಗೆ ಟಾರ್ಚು ಹಾಕಿ ಗೋಡೆ ನೋಡುತ್ತಿದ್ದರೆ ಹೊರಗೆ ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ ನಡೆದಿತ್ತು.

ಮಗಳಿಗೆ ಮಾತ್ರ ಇಷ್ಟವಾಗಲಿಲ್ಲ. "ಕತ್ತಲೆ ಮನೆ" ಎಂದಳು. ಕತ್ತಲೆ ಇರುವುದು ಹೌದು. ಮುಂದಿನ ಜೂನ್‌ಗೆ ಅವಳಿಗೆ ಆರು ತುಂಬಿರುತ್ತದೆ, ಒಂದನೆಯ ತರಗತಿ. ನಡೆದು ಹೋಗುವ ದೂರದಲ್ಲಿ ನಮಗೆ ಒಪ್ಪಿಗೆಯಾಗುವ ಎರಡು ಶಾಲೆಗಳಿವೆ. ನನಗೆ ಬಸ್ಸು ಎಂಟು ನಿಮಿಷಕ್ಕೊಂದು ಸಿಕ್ಕಿತು. ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಖರ್ಚೂ ಇಲ್ಲ.

ಸಂಪ್ ಕೇಳಿದಿರಲ್ಲ. ಮುಂಬಾಗಿಲಿನಿಂದ ನಾಲ್ಕು ಹೆಜ್ಜೆ, ಓಡಾಡುವ ದಾರಿಯಲ್ಲೇ ಇದೆ. ಮುಚ್ಚಳ ತಗಡಿನದು, ಒಂದು ಮೂಲೆ ತುಕ್ಕು ತಿಂದು ನನ್ನ ಅಂಗೈ ಹೋಗುವಷ್ಟು ತೂತಾಗಿದೆ. ಮೇಲೆ ಒಂದು ತುಳಸಿ ಕುಂಡ ಇಟ್ಟಿದ್ದಾರೆ, ಭಾರಕ್ಕೆ. ಚಿಕ್ಕವನು ನೇರವಾಗಿ ಅದರ ಕಡೆಗೇ ಹೋದ. ನಾನು ಅವನನ್ನು ಎತ್ತಿಕೊಂಡ ಮೇಲೆ ಕೆಳಗಿಳಿಸಲೇ ಇಲ್ಲ.

ತಾರಸಿಯಲ್ಲಿ ಎರಡು ದಿನ ನೀರು ನಿಲ್ಲಿಸಲು ಒಪ್ಪಿದ್ದಾರೆ.

ನಿವೃತ್ತ ಇಂಜಿನಿಯರ್

ಕತ್ತಲೆಗೆ ಮದ್ದಿದೆ. ಮೆಟ್ಟಿಲ ಮೇಲಿನ ಚಾವಣಿಯಲ್ಲಿ ಎರಡಡಿ ಗಾಜು ಕೂರಿಸಿದರೆ ಹಾಲ್‌ಗೆ ಹಗಲು ಬರುತ್ತದೆ. ಆದರೆ ಗೋಡೆ ಭಾರ ಹೊರುವ ಮನೆ ಅದು. ಯಾವ ಗೋಡೆಯನ್ನೂ ಕೇಳದೆ ಒಡೆಯಬೇಡಿ. ಹಾಲ್ ದೊಡ್ಡದು ಮಾಡುತ್ತೇನೆ ಎಂದು ಹೊರಟವರ ಮನೆಗೆ ನಾನು ಕಂಬ ಕೊಡಲು ಹೋಗಿದ್ದೇನೆ.

ಸಂಪ್‌ಗೆ ಎರಕಹೊಯ್ದ ಕಬ್ಬಿಣದ ಮುಚ್ಚಳ, ಕೆಳಗೆ ಕಂಬಿಯ ಜಾಲರಿ, ಎರಡಕ್ಕೂ ಬೀಗ. ಗೃಹಪ್ರವೇಶಕ್ಕೆ ಮೊದಲು.

ಲೆಕ್ಕದ ಪುಸ್ತಕ

ರಿಪೇರಿಯ ಪಟ್ಟಿಯನ್ನು ಕಾಗದದಲ್ಲಿ ಬರೆಸಿಕೊಂಡು ಚೌಕಾಸಿಗೆ ಹೋಗಿ. ಬಾಯಿಮಾತಿಗೆ ಐವತ್ತು ಸಾವಿರ ಇಳಿಸಿದರೆ ಮೇಸ್ತ್ರಿಯ ಕೈಬರಹಕ್ಕೆ ಎರಡು ಲಕ್ಷ ಇಳಿಸುತ್ತಾರೆ.

ಬಾಡಿಗೆ ಮನೆಯ ಸೊಸೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಹಳೆಯದನ್ನೇ ಹಿಡಿದೆವು. ನೀರು ನಿಲ್ಲಿಸಿದಾಗ ಅಡುಗೆಮನೆಯ ಅದೇ ಮೂಲೆಯಲ್ಲಿ ಎರಡನೆಯ ದಿನ ಒಂದು ತಟ್ಟೆಯಷ್ಟು ಒದ್ದೆ ಕಾಣಿಸಿತು, ಬೇರೆಲ್ಲೂ ಇಲ್ಲ. ತಂತಿ, ಪೈಪು, ತಾರಸಿ, ಬಚ್ಚಲ ಗೋಡೆ ಸೇರಿ ಮೇಸ್ತ್ರಿ ಐದೂಕಾಲು ಲಕ್ಷ ಬರೆದುಕೊಟ್ಟರು. ಬೆಲೆ 69.5ಕ್ಕೆ ಇಳಿಯಿತು. ದಕ್ಷಿಣದ ಬಾಗಿಲಿನ ಮಾತನ್ನೂ ಎತ್ತಿದೆ, ಈಶಾನ್ಯ ಮೂಲೆಯವರಿಗೆ ಧನ್ಯವಾದ. ನಮ್ಮವರಿಗೆ ಈಗ ಕೆಲಸ ದೂರ. ಮೂರು ದಿನ ಮುಖ ಊದಿಸಿಕೊಂಡಿದ್ದರು, ನಾಲ್ಕನೆಯ ದಿನ ತಾವೇ ಗಾಜಿನ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಬೋಗಾದಿಯಾಚೆಯವರೇ, ಮಗಳ ಸೈಕಲ್ ವಿಷಯದಲ್ಲಿ ನೀವು ಹೇಳಿದ್ದು ನಿಜವಾಯಿತು. ಅವಳು ಉದ್ಯಾನದಲ್ಲಿ ಮಾತ್ರ ಹೊಡೆಯುತ್ತಾಳೆ, ಅಲ್ಲಿನ ಕಾವಲುಗಾರನ ಜೊತೆ ದಿನವೂ ಜಗಳ.

ವಕೀಲರು ಹೇಳಿದ ಅಕ್ಕನ ಸಹಿ. ತಮ್ಮಂದಿರು ಫೋನ್ ಮಾಡಲು ಹಿಂಜರಿಯುತ್ತಿದ್ದರು, ಕೊನೆಗೆ ನಾನೇ ಮಾತಾಡಿದೆ. ನೋಂದಣಿಯ ದಿನ ಅವರು ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬಂದರು. ಅವರ ಪಾಲಿನ ಚೆಕ್ಕನ್ನು ಅವರ ಕೈಗೇ ಕೊಟ್ಟೆವು. ಸಂಜೆ ಮನೆಗೆ ಬಂದು ಹಿತ್ತಲಿನಲ್ಲಿದ್ದ ಒರಳುಕಲ್ಲನ್ನು ನೋಡಿದರು. "ಅಮ್ಮನದು, ತೆಗೆದುಕೊಂಡು ಹೋಗಲೇ?" ಎಂದರು. ನಮ್ಮವರೂ ಇಬ್ಬರು ತಮ್ಮಂದಿರೂ ಸೇರಿ ಅಲ್ಲಾಡಿಸಿ ನೋಡಿದರು, ನೆಲಕ್ಕೆ ಗಾರೆ ಹಾಕಿ ಕೂರಿಸಿದ್ದಾರೆ. "ಹಾಗಾದರೆ ಇರಲಿ, ಮಧ್ಯೆ ಮಧ್ಯೆ ಬರುತ್ತೇನೆ" ಎಂದರು. ಬರಲಿ. ಅತ್ತೆ ಆಗಲೇ ಅದರಲ್ಲಿ ಚಟ್ನಿ ರುಬ್ಬುವ ಉಮೇದಿನಲ್ಲಿದ್ದಾರೆ.

ಟಿಡಿಎಸ್ ನಮೂನೆ ಆರು ತುಂಬಿದೆ. ಕಿರಿಕಿರಿ ಎಂದದ್ದು ಸಣ್ಣ ಮಾತಾಯಿತು ವಕೀಲರೇ.

ಅವಳಿ ಅಮ್ಮ

ಸಂಪ್ ಮುಚ್ಚಳ?

ಬಾಡಿಗೆ ಮನೆಯ ಸೊಸೆ

ಮೊದಲು ಅದೇ ಆಯಿತು ಅಕ್ಕ. ಕಬ್ಬಿಣದ ಮುಚ್ಚಳ, ಜಾಲರಿ, ಎರಡು ಬೀಗ. ಒಂದು ಕೀಲಿ ಅತ್ತೆಯ ಸೆರಗಿನ ಗಂಟಿನಲ್ಲಿದೆ. ಇನ್ನೊಂದನ್ನು ಮಗ ಎಲ್ಲಿಟ್ಟನೋ ನಿನ್ನೆಯಿಂದ ಹುಡುಕುತ್ತಿದ್ದೇವೆ.

ಮತ್ತೆ, ಹೆಸರು ಬದಲಿಸುವುದು ಹೇಗೆ ಎಂದು ಯಾರಾದರೂ ಹೇಳಿ. ಇನ್ನೂ "ಬಾಡಿಗೆ ಮನೆ" ಎಂದೇ ತೋರಿಸುತ್ತಿದೆ.